ಇಪ್ಪತ್ತು ಸಾವಿರ ತಟ್ಟೆಗಳ ಒಡೆಯರು

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಪ್ರಥಮ ಬಾರಿಗೆ ಶ್ರೋತೃಗಳ ಕಿವಿಗೆ ಬಿದ್ದವು. ಅವುಗಳನ್ನು ರಚಿಸಿದಾತ ಎಂಟು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದ. ಹಾಡಿದಾಕೆ ನಾರ್ವೆಯ ಪ್ರಖ್ಯಾತ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಮುನ್ನಡೆಸಿದಾತ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಈ ಕಛೇರಿಗಾಗಿ 4,800 ಡಾಲರ್‌ಗಳ ಖಾತರಿ ನೀಡಿದ್ದ ರಸಿಕರು ಮಾತ್ರ ಸಭಾಂಗಣದಲ್ಲಿರಲಿಲ್ಲ. ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿದ್ದರು. ಕಛೇರಿಯನ್ನು ಧ್ವನಿಮುದ್ರಿಸಿ ತಮ್ಮಲ್ಲಿಗೆ ಕಳುಹಿಸಿಕೊಡಬೇಕೆಂಬುದೇ ಅವರ ಅಪೇಕ್ಷೆಯಾಗಿತ್ತು. ಆ ವೇಳೆಗಾಗಲೇ ಅವರ ಸಂಗ್ರಹದಲ್ಲಿ ಅಂದಾಜು 20,000 ಗ್ರಾಮಫೋನ್ ತಟ್ಟೆಗಳಿದ್ದವು. ಅವರೇ ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು.

ನಾಡಿಗೆ ಅವರ ಪರಿಚಯವಿರುವುದು ರಾಜಪ್ರಮುಖರಾಗಿ, ರಾಜ್ಯಪಾಲರಾಗಿ, ಶ್ರೀವಿದ್ಯಾ ಉಪಾಸಕರಾಗಿ, ವಾಗ್ಗೇಯಕಾರರಾಗಿ. ತಟ್ಟೆಗಳನ್ನು ಕೂಡಿಸಿಟ್ಟು, ಒಂದೊಂದನ್ನೇ ಹಾಕಿ ಕೇಳುತ್ತಿದ್ದ ಗೀಳಿನ ರಸಿಕರಾಗಿ ಅವರನ್ನು ಬಲ್ಲವರು ಕಡಿಮೆ. ಆದರೆ ಈ ಗೀಳನ್ನು ಬದಿಗಿಟ್ಟು ನೋಡಿದರೆ ಅವರ ಬದುಕಿನ ಒಂದು ಮುಖ್ಯ ಸಂಗತಿಯೇ ಕೈತಪ್ಪುತ್ತದೆ.

ಒಡೆಯರು ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪುಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಬಾಲಕ ಬೆಳೆದ ಅರಮನೆಯಲ್ಲಿ ಸಂಗೀತಕ್ಕೆ ಮೇರೆಯೇ ಇರಲಿಲ್ಲ. ದಸರಾ ದರ್ಬಾರಿನಲ್ಲಿ ಆಸ್ಥಾನ ವಿದ್ವಾಂಸರ ಕಛೇರಿ, ಪಾಶ್ಚಾತ್ಯ ವಾದ್ಯಗಳ ಬ್ಯಾಂಡು, ಕರ್ನಾಟಕ ವಾದ್ಯಗಳ ಬ್ಯಾಂಡು, ಉತ್ತರದ ಉಸ್ತಾದರ ಗಾಯನ, ಇವೆಲ್ಲ ಒಂದೇ ಸೂರಿನಡಿ ನಡೆಯುತ್ತಿದ್ದವು. ನಾಲ್ವಡಿಯವರೇ ಹಲವು ವಾದ್ಯಗಳನ್ನು ಬಲ್ಲವರು. ಅರಮನೆಯ ಹೊರಗೆ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಲ್ಲಿ ಕಛೇರಿಗಳು ನಡೆಯುತ್ತಿದ್ದವು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರ ಮೈಸೂರಿನ ಸಂಗೀತವನ್ನು ಗಾಳಿಗೆ ಹತ್ತಿಸಿತು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದಲೇ.

ಇಂಥ ಊರಿನಲ್ಲಿ ರಾಜಕುಮಾರನ ಮನಸ್ಸು ಸೆಳೆದದ್ದು ಪಿಯಾನೋ. ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸನ್ಯಾಸಿನಿಯೊಬ್ಬರು ಅವರಿಗೆ ಪಾಠ ಹೇಳಿದರು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದ ಮೇಲೆ, 1939ರಲ್ಲಿ ಯುರೋಪ್ ಪ್ರವಾಸದ ಅವಕಾಶ ಒದಗಿತು. ಪಿಯಾನೋ ಕಛೇರಿ ನೀಡುವ ಕಲಾವಿದನಾಗಬೇಕೆಂಬ ಹಂಬಲ ಅವರಲ್ಲಿ ಬೇರೂರಿತ್ತು. ಆದರೆ 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪನೂ ಇಲ್ಲವಾದರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದು ವರ್ಷದ ತರುಣ ಸಿಂಹಾಸನವೇರಬೇಕಾಯಿತು. ಯುರೋಪು ಯುದ್ಧದಲ್ಲಿ ಉರಿಯುತ್ತಿತ್ತು. ಕಛೇರಿಯ ವೇದಿಕೆ ಶಾಶ್ವತವಾಗಿ ಮುಚ್ಚಿಹೋಯಿತು. ಉಳಿದದ್ದು ಕೇಳುವ ಸುಖ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ಬಂತು, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು. ಆದರೂ ದಿನನಿತ್ಯದಲ್ಲಿ ಸಂಗೀತ ಅವರ ಬಳಿ ಬಂದದ್ದು ತಟ್ಟೆಯ ರೂಪದಲ್ಲಿಯೇ.

ಆ ಕಾಲದ ತಟ್ಟೆ ಎಂದರೆ ಇಂದಿನ ವಿನೈಲ್ ಅಲ್ಲ. ಅರಗಿನಿಂದ ಮಾಡಿದ, ಕೈಜಾರಿದರೆ ಹೋಳಾಗುವ, ನಿಮಿಷಕ್ಕೆ 78 ಸುತ್ತು ತಿರುಗುವ ಕಪ್ಪು ಬಿಲ್ಲೆ ಅದು. ಹನ್ನೆರಡು ಇಂಚಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದದ್ದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ನಲವತ್ತು ನಿಮಿಷದ ಸಿಂಫನಿಯೊಂದನ್ನು ಪೂರ್ತಿ ಕೇಳಬೇಕೆಂದರೆ ಐದು ತಟ್ಟೆ, ಹತ್ತು ಮಗ್ಗುಲು! ಪ್ರತಿಸಲವೂ ಏಳಬೇಕು, ತಿರುವಿ ಹಾಕಬೇಕು, ಉಕ್ಕಿನ ಮುಳ್ಳು ಸವೆದಿದ್ದರೆ ಬದಲಿಸಬೇಕು. ಸ್ವರ ಏರುತ್ತಿರುವ ಹೊತ್ತಿಗೇ ಮಗ್ಗುಲು ಮುಗಿದು ಸರಸರ ಸದ್ದು ಉಳಿಯುತ್ತಿತ್ತು. ಇಷ್ಟು ಉಪದ್ರವವಿದ್ದರೂ ಜನ ತಟ್ಟೆಗೆ ಮರುಳಾಗಿದ್ದರೆಂಬುದು ಇಂದು ಬೆರಳ ತುದಿಯಲ್ಲಿ ಹಾಡು ಬದಲಿಸುವವರಿಗೆ ಸೋಜಿಗವೆನಿಸೀತು. ಸಂಸ್ಥಾನದ ಹಳ್ಳಿಗಾಡಿಗೂ ಈ ಮರುಳು ತಡವಾಗಿಯಾದರೂ ತಲುಪಿತು. ಚನ್ನರಾಯಪಟ್ಟಣ, ಬಾಗೂರು, ಹೊಳೆನರಸೀಪುರದಂಥ ಕಡೆಗಳಲ್ಲಿ ಉಳ್ಳವರ ಜಗಲಿಯ ಪೆಟ್ಟಿಗೆ ಗ್ರಾಮಫೋನಿನಿಂದ ಹಿಡಿದು, ಮುಂದಿನ ದಶಕಗಳಲ್ಲಿ ಮದುವೆ ಚಪ್ಪರದ ಸ್ಪೀಕರ್ ಸೆಟ್ಟಿನವರೆಗೆ ನಾಟಕದ ಪದ, ದೇವರನಾಮ, ಸಿನಿಮಾ ಹಾಡುಗಳು ಊರಿಗೆ ಕೇಳಿಸಿದ್ದು ತಟ್ಟೆಗಳಿಂದಲೇ. ಅರಮನೆಯ ಸಂಗ್ರಹ ಬೇರೆ, ಹಳ್ಳಿಯ ಪೆಟ್ಟಿಗೆ ಬೇರೆ, ನಿಜ. ಕೀಲಿ ಕೊಟ್ಟು ಮುಳ್ಳು ಇಳಿಸಿ ಕಿವಿಗೊಡುವ ಆ ಗಳಿಗೆಯ ಕಾತರ ಮಾತ್ರ ಒಂದೇ.

ಇಂಗ್ಲೆಂಡಿನ ಎಚ್.ಎಂ.ವಿ. ಸಮೂಹದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದಾತ. ಮಹಾರಾಜರ ಆಹ್ವಾನದ ಮೇಲೆ ಆತ ಮೈಸೂರಿಗೆ ಬಂದ. ಒಡೆಯರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಗಂಭೀರ ಸಂಗೀತದಲ್ಲಿ ಹೊರಬಂದಿದ್ದ ಬಹುತೇಕ ಎಲ್ಲ ತಟ್ಟೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಹಲವು ದೊಡ್ಡ ಪಿಯಾನೋಗಳು, ಇವನ್ನೆಲ್ಲ ಕಂಡು ಆತ ಬೆರಗಾದುದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಲಂಡನ್ನಿನಲ್ಲಿ ತಟ್ಟೆ ಮಾಡುವವನಿಗೇ ಬೆರಗು ಹುಟ್ಟಿಸಿದ ಸಂಗ್ರಹ ಅದು.

ಸಂಗ್ರಾಹಕನಿಗೆ ಸದಾ ಕಾಡುವ ಕೊರತೆ ಒಂದಿದೆ. ತಾನು ಬಯಸಿದ ಸಂಗೀತದ ತಟ್ಟೆಯೇ ಇಲ್ಲದಿದ್ದರೆ ಏನು ಮಾಡುವುದು? ಸಾಮಾನ್ಯರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಒಡೆಯರು ತಟ್ಟೆಯನ್ನೇ ಮಾಡಿಸಿದರು.

ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರನ ಕೃತಿಗಳು ಅವರಿಗೆ ಪ್ರಿಯವಾಗಿದ್ದವು. 1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಮೆಟ್ನರ್, ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡು ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ. ಯುದ್ಧಕಾಲದಲ್ಲಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತ್ತು, ಹೃದಯ ದುರ್ಬಲವಾಗಿತ್ತು. ಆತನ ಸಂಗೀತ ಹಳೆಯ ಮಾದರಿಯದೆಂದು ಕಾಲ ಅವನನ್ನು ಪಕ್ಕಕ್ಕೆ ಸರಿಸಿತ್ತು. ಆಗ ಮೈಸೂರಿನಿಂದ ನೆರವು ಬಂತು. ಒಡೆಯರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಆತನ ಕೃತಿಗಳನ್ನೆಲ್ಲ ಆತನಿಂದಲೇ ನುಡಿಸಿ ಧ್ವನಿಮುದ್ರಿಸುವುದು ಅದರ ಉದ್ದೇಶ. ಅರುವತ್ತು ದಾಟಿದ, ರೋಗದಿಂದ ಬಳಲಿದ ಆ ಕಲಾವಿದ ಮೂರು ಪಿಯಾನೋ ಕನ್ಚೆರ್ಟೋಗಳನ್ನೂ ಸೊನಾಟಾ, ಗೀತೆ, ಕಿರುರಚನೆಗಳನ್ನೂ ನುಡಿಸಿದ. ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಕೆಲವು ಗೀತೆಗಳನ್ನು ಹಾಡಿದಳು. ಎಲ್ಲವೂ ಪೂರ್ಣಗೊಳ್ಳುವ ಮೊದಲೇ, 1951ರ ನವೆಂಬರ್‌ನಲ್ಲಿ ಮೆಟ್ನರ್ ತೀರಿಕೊಂಡ. ಯುದ್ಧದ ನಡುವೆಯೇ ರಚಿಸಿದ್ದ ತನ್ನ ಮೂರನೆಯ ಕನ್ಚೆರ್ಟೋವನ್ನು ಆತ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಈ ಧ್ವನಿಮುದ್ರಣಗಳು ಇರದಿದ್ದರೆ ಮೆಟ್ನರ್ ತನ್ನ ಕನ್ಚೆರ್ಟೋಗಳನ್ನು ಹೇಗೆ ನುಡಿಸುತ್ತಿದ್ದನೆಂಬುದು ಇಂದಿನವರಿಗೆ ತಿಳಿಯುತ್ತಿರಲಿಲ್ಲ.

ಫಿಲ್ಹಾರ್ಮೋನಿಯಾಕ್ಕೂ ಒಡೆಯರು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ನೀಡಲು ಒಪ್ಪಿದರು. 1948ರಲ್ಲಿ ಅದರ ಕಛೇರಿ ಸಂಘದ ಪ್ರಥಮ ಅಧ್ಯಕ್ಷರಾದರು. ಹರ್ಬರ್ಟ್ ಫಾನ್ ಕಾರಾಯನ್ 1949ರಲ್ಲಿ ಈ ವೃಂದದೊಡನೆ ಧ್ವನಿಮುದ್ರಿಸಿದ ಬಲಾಕಿರೆವ್‌ನ ಮೊದಲನೆಯ ಸಿಂಫನಿಯ ಹಿಂದೆಯೂ ಈ ಪೋಷಣೆಯ ನೆರಳಿದೆ. ಮಾರಾಟವಾಗುವ ಭರವಸೆ ಇಲ್ಲದ, ಅಪರೂಪದ ಕೃತಿಗಳ ಕಡೆಗೇ ಅವರ ಒಲವು. ಬೀಥೋವನ್‌ನ ತಟ್ಟೆಗಳಿಗೆ ಕೊರತೆ ಇರಲಿಲ್ಲವಲ್ಲ!

ಇಲ್ಲೊಂದು ಇರುಸುಮುರುಸಿನ ಪ್ರಶ್ನೆಯೂ ಏಳುತ್ತದೆ. ಈ ಹಣ ಹರಿದ ವರ್ಷಗಳು ಸಾಮಾನ್ಯವಾದವಲ್ಲ. 1947ರ ಆಗಸ್ಟ್‌ನಲ್ಲಿ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಸಂಸ್ಥಾನದ ಊರೂರಿನಲ್ಲಿ ಭುಗಿಲೆದ್ದಿತು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಯುದ್ಧಕಾಲದ ಆಹಾರ ಕೊರತೆಯ ನೆನಪು ಮಾಸಿರಲಿಲ್ಲ. ಅಂಥ ಹೊತ್ತಿನಲ್ಲಿ ಲಂಡನ್ನಿನ ವಾದ್ಯವೃಂದಕ್ಕೆ ಮೈಸೂರಿನ ಹಣವೇಕೆ ಎಂದು ಕೇಳುವವರ ಮಾತನ್ನು ತಳ್ಳಿಹಾಕಲಾಗದು. ಅದೇ ಕೈ ಋಗ್ವೇದದ ಕನ್ನಡ ಅನುವಾದದ ಸಂಪುಟಗಳನ್ನು ಜಯಚಾಮರಾಜೇಂದ್ರ ಗ್ರಂಥಮಾಲೆಯಲ್ಲಿ ಹೊರತಂದಿತು ಎಂಬುದೂ ಅಷ್ಟೇ ಸತ್ಯ. ಒಡೆಯರ ಕಾಲದಲ್ಲಿ ಅಧಿಕಾರ ಕೈಬದಲಾದದ್ದು ಸುಗಮವಾಗಿಯೇ. ಆದರೆ ಅಧಿಕಾರದ ಜೊತೆಗೆ ಖಜಾನೆಯೂ ಕೈಬದಲಾಗುತ್ತದೆ. 1950ರಲ್ಲಿ ಅವರು ರಾಜಪ್ರಮುಖರಾದರು. ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ನಿಗದಿಯಾಗಿತ್ತು. ಲಂಡನ್ನಿನ ಪೋಷಣೆಯ ಕಾಲ ಮುಗಿಯಿತು.

ಅದೇ ಹೊತ್ತಿನಲ್ಲಿ ತಟ್ಟೆಯೂ ಬದಲಾಗುತ್ತಿತ್ತು. 1948ರಲ್ಲಿ ಅಮೆರಿಕದಲ್ಲಿ ಬಂದ ವಿನೈಲ್ ಎಲ್.ಪಿ. ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸುವಂಥದ್ದು, ಬಿದ್ದರೂ ಒಡೆಯದು. ಮೆಟ್ನರ್ ಸೊಸೈಟಿಯ ಭಾರವಾದ ಆಲ್ಬಮ್ಮುಗಳು ಹೊರಬಿದ್ದದ್ದು ಅರಗಿನ ತಟ್ಟೆಯ ಯುಗ ಮುಗಿಯುತ್ತಿದ್ದ ಈ ಸಂಧಿಕಾಲದಲ್ಲಿ. ಕೆಲವೇ ವರ್ಷಗಳಲ್ಲಿ ಅವು ಸಂಗ್ರಾಹಕರು ಹುಡುಕಾಡುವ ವಸ್ತುಗಳಾದವು.

ಒಡೆಯರ ಕಿವಿಯೂ ಈ ವೇಳೆಗೆ ಇನ್ನೊಂದು ದಿಕ್ಕಿಗೆ ಹೊರಳಿತ್ತು. ಮನೆಯಂಗಳದಲ್ಲೇ ಇದ್ದ ಕರ್ನಾಟಕ ಸಂಗೀತದತ್ತ ಅವರು ಬಂದದ್ದು, ಹೀಗೆ ಲೋಕವನ್ನೆಲ್ಲ ಸುತ್ತಿದ ಮೇಲೆ. ಮೈಸೂರು ವಾಸುದೇವಾಚಾರ್ಯರು ಅವರಿಗೆ ಮಾರ್ಗದರ್ಶಕರಾದರು, ವೀಣೆಯ ಪಾಠವನ್ನು ವೆಂಕಟಗಿರಿಯಪ್ಪನವರಿಂದ ಪಡೆದರು. ಆಸ್ಥಾನದಲ್ಲಿ ಪಿಟೀಲು ಚೌಡಯ್ಯನವರಿದ್ದರು. ವೆಂಕಟಗಿರಿಯಪ್ಪನವರ ಶಿಷ್ಯರೇ ಆದ ವೀಣಾ ದೊರೆಸ್ವಾಮಿ ಅಯ್ಯಂಗಾರರೂ ಇದ್ದರು. ಇವರು ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ 1920ರಲ್ಲಿ ಹುಟ್ಟಿದವರು, ಮಹಾರಾಜರಿಗಿಂತ ಒಂದೇ ವರ್ಷ ಕಿರಿಯರು. ಅದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಂತೂ ವಿದ್ವಾಂಸರ ಊರೆಂದೇ ಹೆಸರಾದದ್ದು. ತಟ್ಟೆಯಲ್ಲಿ ಹಡಗು ಹತ್ತಿ ಬರುವ ಸಂಗೀತಕ್ಕೆ ಇಪ್ಪತ್ತು ಸಾವಿರ ತಟ್ಟೆಗಳಾಚೆ ಕಿವಿಗೊಟ್ಟವರಿಗೆ, ಎದುರಿಗೇ ಕುಳಿತು ನುಡಿಸುವ ಈ ಸಂಗೀತ ಬೇರೆಯೇ ಅನುಭವವಾಗಿದ್ದಿರಬೇಕು. ಇಲ್ಲಿ ಅವರು ಕೇಳುಗರಾಗಿ ಮಾತ್ರ ನಿಲ್ಲಲಿಲ್ಲ, ರಚನೆಗೆ ತೊಡಗಿದರು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅಪರೂಪದ ರಾಗಗಳ ಮೇಲಿನ ಪ್ರೀತಿ ಇಲ್ಲಿಯೂ ಎದ್ದು ಕಾಣುತ್ತದೆ. ಕೇಳಿದವರು ಕಡಿಮೆಯಿರುವ ಸಂಗೀತವನ್ನೇ ಅರಸುವ ಸಂಗ್ರಾಹಕನ ಸ್ವಭಾವ ವಾಗ್ಗೇಯಕಾರರಲ್ಲಿಯೂ ಉಳಿದುಕೊಂಡಿತ್ತೆಂದರೆ ತಪ್ಪಾಗದು.

1956ರಲ್ಲಿ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾಗಿ, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿ ಅವರು ಸೇವೆ ಸಲ್ಲಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಗೌರವ ಸಂದಿತು. 1971ರಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ ಒಡೆಯರು ನಿಧನರಾದರು.

ಅವರ ಕೃತಿಗಳನ್ನು ಕರ್ನಾಟಕದ ಗಾಯಕರು ಕಛೇರಿಗಳಲ್ಲಿ ಹಾಡುತ್ತಾರೆ; ಗಂಭೀರನಾಟ, ಹಿಂದೋಳ ರಾಗಗಳ ರಚನೆಗಳು ಹೆಚ್ಚು ಬಳಕೆಯಲ್ಲಿವೆ. ಮೆಟ್ನರ್ ನುಡಿಸಿದ ತಟ್ಟೆಗಳು ಮುಂದೆ ಸಿ.ಡಿ. ರೂಪದಲ್ಲಿ ಮರುಹುಟ್ಟು ಪಡೆದವು. ಸ್ಟ್ರಾಸ್‌ನ ಗೀತೆಗಳ ಆ ಪ್ರಥಮ ಕಛೇರಿಯ ಧ್ವನಿಮುದ್ರಣವೂ ಬೆಳಕು ಕಂಡಿದೆ. ಸದ್ದುಗದ್ದಲ ಬಹಳ, ವಾದ್ಯವೃಂದ ಎಲ್ಲೋ ದೂರದಲ್ಲಿ ನುಡಿಸಿದಂತೆ ಕೇಳುತ್ತದೆ. ಫ್ಲಾಗ್‌ಸ್ಟಾಡ್‌ಳ ಕಂಠ ಮಾತ್ರ ಅದೆಲ್ಲವನ್ನೂ ಸೀಳಿಕೊಂಡು ಬರುತ್ತದೆ.