ಹೈರಮ್ ರೆವೆಲ್ಸ್ ಬೋಧಕನೂ ಆಲ್ಕಾರ್ನ್ ವಿದ್ಯಾಶಾಲೆಯೂ

ಅಮೆರಿಕಾ ದೇಶದ ಮಿಸಿಸಿಪ್ಪಿ ಸಂಸ್ಥಾನದಲ್ಲಿ, ಅದೇ ಹೆಸರಿನ ಮಹಾನದಿಗೆ ಸಮೀಪವಾಗಿ, ಒಂದು ಹಳೆಯ ದೇವಾಲಯವುಂಟು. ಅದು 1830ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯವರು ಸ್ಥಾಪಿಸಿದ ಓಕ್ಲೆಂಡ್ ಕಾಲೇಜಿಗೆ ಸೇರಿದ್ದಾಗಿತ್ತು. ಗುಲಾಮರನ್ನು ದುಡಿಸಿ ಹತ್ತಿ ಬೆಳೆಯುತ್ತಿದ್ದ ಯಜಮಾನರ ಮಕ್ಕಳು ಅಲ್ಲಿ ಓದುತ್ತಿದ್ದರು. ಆ ಗುಲಾಮರ ಮಕ್ಕಳೇ ಮುಂದೆ ಅದೇ ಕೋಣೆಗಳಲ್ಲಿ ಕುಳಿತು ವಿದ್ಯೆ ಕಲಿಯುವಂತಾದದ್ದು ಹೇಗೆಂಬುದನ್ನೂ, ಅವರ ಮೊದಲನೆಯ ಅಧ್ಯಕ್ಷನಾದ ಹೈರಮ್ ರೆವೆಲ್ಸ್ ಎಂಬವನ ಚರಿತ್ರೆಯನ್ನೂ ವಾಚಕರಿಗೆ ತಿಳಿಸುತ್ತೇವೆ.

ಇವನು 1827ರಲ್ಲಿ ಉತ್ತರ ಕೆರೊಲಿನಾದ ಫೇಯೆಟ್‌ವಿಲ್ ಪಟ್ಟಣದಲ್ಲಿ ಹುಟ್ಟಿದನು. ಕಪ್ಪು ಜನಾಂಗದವನಾದಾಗ್ಯೂ ಅವನ ತಂದೆತಾಯಿಗಳು ಗುಲಾಮರಾಗಿರಲಿಲ್ಲ. ಬಾಲ್ಯದಲ್ಲಿ ಕ್ಷೌರದ ಕೆಲಸವನ್ನು ಕಲಿತು, ಬಳಿಕ ವಿದ್ಯೆಯ ಆಶೆಯಿಂದ ಉತ್ತರಕ್ಕೆ ಹೋಗಿ, ಕ್ವೇಕರರ ಶಾಲೆಯಲ್ಲಿಯೂ ಇಲಿನಾಯ್ ಸಂಸ್ಥಾನದ ನಾಕ್ಸ್ ಕಾಲೇಜಿನಲ್ಲಿಯೂ ಓದಿದನು. 1845ರಲ್ಲಿ ಕಪ್ಪು ಜನರ ಮೆಥೊಡಿಸ್ಟ್ ಸಭೆಯಲ್ಲಿ ಬೋಧಕದೀಕ್ಷೆಯನ್ನು ಹೊಂದಿ ಅನೇಕ ಸಂಸ್ಥಾನಗಳಲ್ಲಿ ಸಂಚರಿಸಿದನು. ಗುಲಾಮಗಿರಿ ನಡೆಯುತ್ತಿದ್ದ ಮಿಸೌರಿಯಲ್ಲಿ ತನ್ನ ಜನರಿಗೆ ಸುವಾರ್ತೆ ಸಾರಿದ್ದಕ್ಕಾಗಿ 1854ರಲ್ಲಿ ಸೆರೆಮನೆಯನ್ನೂ ಕಂಡನು. ಉತ್ತರ ದಕ್ಷಿಣಗಳೊಳಗೆ ಯುದ್ಧವುಂಟಾದಾಗ ಕಪ್ಪು ಸಿಪಾಯಿಗಳ ದಂಡುಗಳನ್ನು ಕೂಡಿಸಲು ಸಹಾಯಮಾಡಿ, ಸೈನ್ಯದ ಪಾದ್ರಿಯಾಗಿ ಸೇವಿಸಿದನು.

ಯುದ್ಧಾನಂತರ 1866ರಲ್ಲಿ ಮಿಸಿಸಿಪ್ಪಿಯ ನ್ಯಾಚೆಜ್ ಊರಿಗೆ ಸಭಾಪಾಲಕನಾಗಿ ಬಂದನು. 1870ರ ಜನವರಿಯಲ್ಲಿ ಸಂಸ್ಥಾನದ ಶಾಸನಸಭೆಯ ಆರಂಭದಲ್ಲಿ ಅವನು ಮಾಡಿದ ಪ್ರಾರ್ಥನೆಯು ಕೇಳಿದವರ ಮನಸ್ಸನ್ನು ಬಹಳವಾಗಿ ಸೆಳೆಯಿತೆಂದು ಹೇಳುತ್ತಾರೆ. ಆ ಸಭೆಯವರು 81 ಮತಗಳಿಂದ ಅವನನ್ನು ರಾಷ್ಟ್ರದ ಸೆನೆಟ್ ಸಭೆಗೆ ಆರಿಸಿದರು. ವಿರೋಧ ಮತಗಳು 15 ಮಾತ್ರ. ವಾಷಿಂಗ್ಟನಿನಲ್ಲಿ ವಾದವೆದ್ದಿತು. ಸೆನೆಟಿನ ಸದಸ್ಯನು ಒಂಬತ್ತು ವರ್ಷಗಳಿಂದ ದೇಶದ ಪ್ರಜೆಯಾಗಿರಬೇಕಷ್ಟೆ. ಕಪ್ಪು ಜನರು ಪ್ರಜೆಗಳೇ ಅಲ್ಲವೆಂದು ಶ್ರೇಷ್ಠ ನ್ಯಾಯಾಲಯವು 1857ರಲ್ಲಿ ತೀರ್ಪು ಕೊಟ್ಟಿತ್ತಾದ್ದರಿಂದ ಇವನಿಗೆ ಆ ಅರ್ಹತೆ ಇಲ್ಲವೆಂದು ವಿರೋಧಿಗಳು ಹೇಳಿದರು. ಆದರೂ ಫೆಬ್ರವರಿ 25ರಂದು 48 ಮತಗಳು ಅವನ ಪಕ್ಷಕ್ಕೂ 8 ಎದುರಾಗಿಯೂ ಬಿದ್ದು, ಆ ಸಭೆಯಲ್ಲಿ ಕುಳಿತ ಕಪ್ಪು ಜನರಲ್ಲಿ ಅವನೇ ಮೊದಲನೆಯವನಾದನು. ರಾಜಧಾನಿಯ ಶಾಲೆಗಳಲ್ಲಿ ಬಿಳಿಯ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಬೇರ್ಪಡಿಸಬಾರದೆಂದು ಅಲ್ಲಿ ವಾದಿಸಿದನು, ಅದು ಫಲಿಸಲಿಲ್ಲ. ಅವನ ಅವಧಿಯು ಒಂದು ವರ್ಷಕ್ಕೆ ತೀರಿತು.

ಯುದ್ಧದಿಂದ ವಿದ್ಯಾರ್ಥಿಗಳನ್ನು ಕಳಕೊಂಡ ಓಕ್ಲೆಂಡ್ ಕಾಲೇಜು ಇಷ್ಟರಲ್ಲಿ ಮುಚ್ಚಿಹೋಗಿತ್ತು. ಸರಕಾರವು ಅದನ್ನು 40,000 ಡಾಲರುಗಳಿಗೆ ಕೊಂಡು, 1871ರಲ್ಲಿ ಕಪ್ಪು ಜನರಿಗಾಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ, ರಾಜ್ಯಪಾಲನಾದ ಆಲ್ಕಾರ್ನನ ಹೆಸರನ್ನಿಟ್ಟು, ರೆವೆಲ್ಸನನ್ನು ಅಧ್ಯಕ್ಷನನ್ನಾಗಿ ನೇಮಿಸಿತು. ಹತ್ತು ವರ್ಷ ತನಕ ವರ್ಷಕ್ಕೆ 50,000 ಡಾಲರು ಕೊಡುವ ವಾಗ್ದಾನವೂ ಆಯಿತು. ಸರಕಾರದ ಹಣದಿಂದ ನಡೆಯುವ ಶಾಲೆಯು ಸರಕಾರದ ಗಾಳಿ ಬೀಸಿದತ್ತ ಬಾಗಬೇಕಾಗುತ್ತದೆಂಬುದು ಆಗ ಯಾರಿಗೆ ತೋಚಿತ್ತು? 1874ರಲ್ಲಿ ಏಮ್ಸ್ ಎಂಬ ರಾಜ್ಯಪಾಲನು, ತನ್ನ ಸ್ವಂತ ಪಕ್ಷದವನೇ ಆದ ರೆವೆಲ್ಸನನ್ನು ಕೆಲಸದಿಂದ ತೆಗೆದುಹಾಕಿದನು. ಮರುವರ್ಷದ ಚುನಾವಣೆಯಲ್ಲಿ ಹಳೆಯ ಯಜಮಾನರ ಪಕ್ಷವು ಕಪ್ಪು ಮತದಾರರನ್ನು ಹೆದರಿಸಿ, ಹೊಡೆದು, ಕೊಂದು ಜಯಿಸಿತು. ಆಗ ರೆವೆಲ್ಸನು ರಾಷ್ಟ್ರಾಧ್ಯಕ್ಷ ಗ್ರಾಂಟನಿಗೆ ಪತ್ರ ಬರೆದು, ತನ್ನ ಪಕ್ಷದ ಲಂಚಕೋರ ನಾಯಕರೇ ಸೋಲಿಗೆ ಕಾರಣರೆಂದು ದೂರಿದನು. 1876ರಲ್ಲಿ ಹೊಸ ರಾಜ್ಯಪಾಲನು ಅವನನ್ನು ಪುನಃ ಅಧ್ಯಕ್ಷಪೀಠದಲ್ಲಿ ಕೂರಿಸಿದನು.

ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ಲಂಚಕೋರತನವಿದ್ದದ್ದು ನಿಜ. ಆದರೆ ಪೆಟ್ಟು ತಿಂದವರು ಬಡ ಮತದಾರರು. ಅವರ ರಕ್ತದ ಕುರಿತು ಸಾಕಷ್ಟು ಹೇಳದ ಆ ಪತ್ರವನ್ನು ಅವನ ಜನರಲ್ಲಿ ಅನೇಕರು ಕ್ಷಮಿಸಲಿಲ್ಲ. ಶಾಲೆಯ ಬಾಗಿಲು ತೆರೆದಿರಲೆಂದೇ ಅವನು ಹೀಗೆ ಮಾಡಿದನೆಂದು ಕೆಲವರು ಹೇಳುವದುಂಟು. ನಮ್ಮ ಎಣಿಕೆಯಲ್ಲಿ ಅವನು ಸ್ವಭಾವತಃ ಸಮಾಧಾನಪ್ರಿಯನು. ಸಮಾಧಾನಕ್ಕೆ ಬೆಲೆ ಕೊಡುವವರು ಯಾರೆಂದು ಅವನು ಚೆನ್ನಾಗಿ ಲೆಕ್ಕ ಹಾಕಲಿಲ್ಲ. ಶಾಲೆಗೂ ಪೂರ್ಣ ಕೃಪೆ ದೊರೆಯಲಿಲ್ಲ. ಸರಕಾರದ ನೆರವು 5,500 ಡಾಲರುಗಳಿಗೆ ಇಳಿಯಿತು. 1878ರಲ್ಲಿ ವಿಶ್ವವಿದ್ಯಾಲಯವೆಂಬ ಹೆಸರನ್ನು ತೆಗೆದು ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜೆಂದು ಕರೆದರು. ಕೈಕೆಲಸ ಕಲಿಯುವದು ಹೀನವಲ್ಲ. ಅಷ್ಟೇ ಸಾಕೆಂದು ಪರರು ನಿರ್ಣಯಿಸುವದು ಬೇರೆ ಮಾತು. ಆದರೂ ಪಾಠ ನಿಲ್ಲಲಿಲ್ಲ.

1882ರಲ್ಲಿ ಕ್ಷೀಣವಾದ ಆರೋಗ್ಯದಿಂದ ರೆವೆಲ್ಸನು ನಿವೃತ್ತನಾಗಿ ಹೋಲಿ ಸ್ಪ್ರಿಂಗ್ಸ್ ಊರಿನಲ್ಲಿ ನೆಲೆಸಿ, ಸಭಾಸೇವೆಯನ್ನು ಮುಂದರಿಸಿದನು. 1890ರ ಸಂಸ್ಥಾನದ ಹೊಸ ಸಂವಿಧಾನವು ಅವನ ಜನರ ಮತಹಕ್ಕನ್ನು ಬಹುಮಟ್ಟಿಗೆ ಕಸಕೊಂಡದ್ದನ್ನು ಅವನು ಬದುಕಿದ್ದು ನೋಡಿದನು. 1901ರ ಜನವರಿ 16ರಂದು ಅಬರ್ಡೀನ್ ಊರಿನಲ್ಲಿ ಸಭೆಯ ಸಮ್ಮೇಳನಕ್ಕೆ ಹೋಗಿದ್ದಾಗ ಮೃತನಾದನು.

ವಿಶ್ವವಿದ್ಯಾಲಯವೆಂಬ ಹೆಸರು ಆಲ್ಕಾರ್ನಿಗೆ 1974ರಲ್ಲಿ ಹಿಂದಿರುಗಿತು. ಅದಕ್ಕೆ ಮೊದಲೇ, 1952ರಲ್ಲಿ, ಮೆಡ್ಗರ್ ಎವರ್ಸ್ ಎಂಬ ಯೌವನಸ್ಥನು ಅಲ್ಲಿ ಪದವಿ ಹೊಂದಿ ಹೊರಟು, ಮಿಸಿಸಿಪ್ಪಿಯ ಕಪ್ಪು ಜನರ ಹೆಸರುಗಳನ್ನು ಮತದಾರರ ಪಟ್ಟಿಯಲ್ಲಿ ಬರೆಯಿಸಲು ಊರೂರು ತಿರುಗಿದನು. 1963ರ ಜೂನ್ 12ರಂದು ಜ್ಯಾಕ್ಸನ್ ಪಟ್ಟಣದಲ್ಲಿ ಅವನ ಮನೆಯ ಮುಂದೆಯೇ ಅವನನ್ನು ಗುಂಡಿಕ್ಕಿ ಕೊಂದರು.