ಡೊರೊಥಿಯಾ ಡಿಕ್ಸ್: ಕಂಡದ್ದನ್ನು ಕಂಡಂತೆ ಬರೆದವರು

ಮನೋರೋಗಿಗಳ ಶುಶ್ರೂಷೆ ಸರಕಾರದ ಹೊಣೆಯೆಂಬುದು ಇಂದು ನಮಗೆ ಸಹಜವಾಗಿ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅದು ಸಹಜವಾಗಿರಲಿಲ್ಲ. ಆ ಹೊಣೆಯನ್ನು ಶಾಸನಸಭೆಗಳ ಮುಂದಿರಿಸಿ, ಪಟ್ಟುಬಿಡದೆ ಕೇಳಿದವರಲ್ಲಿ ಡೊರೊಥಿಯಾ ಡಿಕ್ಸ್ ಅಗ್ರಗಣ್ಯರು.

1802ರ ಏಪ್ರಿಲ್ 4ರಂದು ಮೇನ್ ಪ್ರಾಂತದ ಹ್ಯಾಂಪ್ಡನ್ನಿನಲ್ಲಿ ಜನಿಸಿದ ಅವರ ಬಾಲ್ಯ ಸುಖದ್ದಾಗಿರಲಿಲ್ಲ. ಹನ್ನೆರಡರ ಸುಮಾರಿಗೆ ಮನೆ ತೊರೆದು ಬೋಸ್ಟನ್ನಿನ ಅಜ್ಜಿಯ ಆಶ್ರಯ ಸೇರಿದರು. ಹದಿಹರೆಯದಲ್ಲಿಯೇ ಶಾಲೆ ತೆರೆದರು. ಮಕ್ಕಳಿಗಾಗಿ ಪುಸ್ತಕ ಬರೆದರು. ಅನಾರೋಗ್ಯ ಮಾತ್ರ ಬೆನ್ನು ಬಿಡಲಿಲ್ಲ. 1836ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಿವರ್‌ಪೂಲಿನ ರಾತ್‌ಬೋನ್ ಕುಟುಂಬದಲ್ಲಿ ಉಳಿದು ಚೇತರಿಸಿಕೊಂಡರು.

1841ರ ಮಾರ್ಚಿನಲ್ಲಿ ಈಸ್ಟ್ ಕೇಂಬ್ರಿಜ್ ಸೆರೆಮನೆಯ ಸ್ತ್ರೀಯರಿಗೆ ರವಿವಾರದ ಧರ್ಮಪಾಠ ಹೇಳಲು ಹೋದಾಗ, ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಬೆಂಕಿಯ ಕಾವಿಲ್ಲದ ಕೋಣೆಗಳಲ್ಲಿ ಕೂಡಿಹಾಕಿದ್ದನ್ನು ಕಂಡರು. ಮರುಗಿ ಮನೆಗೆ ಮರಳಲಿಲ್ಲ. ಸುಮಾರು ಎರಡು ವರ್ಷ ಮ್ಯಾಸಚೂಸೆಟ್ಸ್ ಪ್ರಾಂತದ ಸೆರೆಮನೆ, ಬಡವರ ಆಶ್ರಯಗೃಹಗಳನ್ನು ಸುತ್ತಿ, ಯಾವ ಊರಿನಲ್ಲಿ ಯಾರು ಯಾವ ಸ್ಥಿತಿಯಲ್ಲಿದ್ದಾರೆಂಬುದನ್ನು ಟಿಪ್ಪಣಿ ಮಾಡಿಕೊಂಡರು. ಈ ವರದಿ 1843ರ ಜನವರಿಯಲ್ಲಿ ಶಾಸನಸಭೆಯನ್ನು ತಲುಪಿತು. ಸ್ತ್ರೀಯರಿಗೆ ಅಲ್ಲಿ ಮಾತಿನ ಅವಕಾಶವಿಲ್ಲದ ಕಾಲ. ಸದಸ್ಯರಾಗಿದ್ದ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್ ಅದನ್ನು ಮಂಡಿಸಿದರು. ವರದಿಯನ್ನು ಅಲ್ಲಗಳೆದವರು ಅನೇಕರಿದ್ದರೂ ವೂಸ್ಟರ್ ಆಸ್ಪತ್ರೆಯ ವಿಸ್ತರಣೆಗೆ ಹಣ ಮಂಜೂರಾಯಿತು. ಇದೇ ಕ್ರಮದಿಂದ ಅವರು ಪ್ರಾಂತದಿಂದ ಪ್ರಾಂತಕ್ಕೆ ನಡೆದರು. ನ್ಯೂಜರ್ಸಿಯ ಟ್ರೆಂಟನ್ನಿನಲ್ಲಿ 1848ರಲ್ಲಿ ಹೊಸ ಆಸ್ಪತ್ರೆ ತೆರೆಯಿತು.

ಮನೋರೋಗಿಗಳು ಹಾಗೂ ಅಂಧ, ಕಿವುಡರ ಆರೈಕೆಗೆಂದು 1 ಕೋಟಿ 20 ಲಕ್ಷಕ್ಕೂ ಮಿಕ್ಕ ಎಕರೆ ಸರಕಾರಿ ಭೂಮಿಯನ್ನು ಮೀಸಲಿಡುವ ಮಸೂದೆ ಅವರ ಶ್ರಮದ ಫಲವಾಗಿ 1854ರಲ್ಲಿ ಸಂಸತ್ತಿನ ಎರಡೂ ಸಭೆಗಳಲ್ಲಿ ಗೆದ್ದಿತು. ಇಂಥ ಪಾಲನೆ ಪ್ರಾಂತಗಳ ಕರ್ತವ್ಯವೇ ಹೊರತು ಕೇಂದ್ರದ್ದಲ್ಲವೆಂದು ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದನ್ನು ತಿರಸ್ಕರಿಸಿದರು. ನೊಂದ ಡಿಕ್ಸ್ ಯುರೋಪಿಗೆ ಹೋದರು, ಅಲ್ಲಿಯೂ ಸುಮ್ಮನಿರಲಿಲ್ಲ. ಸ್ಕಾಟ್ಲೆಂಡಿನ ದುರವಸ್ಥೆಯನ್ನು ಲಂಡನ್ನಿನ ಅಧಿಕಾರಸ್ಥರಿಗೆ ತಿಳಿಸಿ ವಿಚಾರಣಾ ಆಯೋಗಕ್ಕೆ ಕಾರಣರಾದರು. 1857ರಲ್ಲಿ ಅಲ್ಲಿಗೆ ಹೊಸ ಕಾಯಿದೆ ಬಂದಿತು.

1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಅವರು ಉತ್ತರದ ಸೇನೆಯ ದಾದಿಯರ ಮುಖ್ಯಸ್ಥೆಯಾದರು. ವೇತನ ಪಡೆಯಲಿಲ್ಲ. ವಯಸ್ಸು, ಉಡುಪುಗಳ ಬಗೆಗೆ ಅವರ ನಿಯಮಗಳು ಕಠಿಣ. ವೈದ್ಯರೊಡನೆ ಘರ್ಷಣೆಯೂ ನಡೆಯಿತು. 1863ರ ಆಜ್ಞೆಯೊಂದು ಅವರ ಅಧಿಕಾರವನ್ನು ಮೊಟಕುಗೊಳಿಸಿತು.

ಅವರ ಸಾಧನೆಗೊಂದು ಮಿತಿಯೂ ಇತ್ತು. ಕಟ್ಟಡಗಳು ಎದ್ದವು, ಆದರೆ ಕಾಲಕ್ರಮದಲ್ಲಿ ಅವು ಕಿಕ್ಕಿರಿದು, ಉಪಚಾರ ಹಿಂದಾಗಿ ಕಾವಲೇ ಮುಂದಾಯಿತು. ಮನೋರೋಗಿಗಳ ಸೇವೆಗೆಂದೇ ದಾದಿಯರಿಗೆ ಶಿಕ್ಷಣ ಕೊಡುವ ಅಮೆರಿಕದ ಮೊದಲ ಶಾಲೆ ಮ್ಯಾಕ್‌ಲೀನ್ ಆಸ್ಪತ್ರೆಯಲ್ಲಿ ಆರಂಭವಾದದ್ದು 1882ರಲ್ಲಿ. ಆಗ ಡಿಕ್ಸ್ ವೃದ್ಧೆ. ಟ್ರೆಂಟನ್ ಆಸ್ಪತ್ರೆಯಲ್ಲಿಯೇ ಆಶ್ರಯ ಪಡೆದಿದ್ದರು. 1887ರ ಜುಲೈ 17ರಂದು ಅಲ್ಲಿಯೇ ನಿಧನರಾದರು.

ಭಾಷೆಯನ್ನು ಅಭ್ಯಸಿಸುವ ನಮಗೆ ಅವರ ಬದುಕಿನಲ್ಲೊಂದು ಪಾಠವಿದೆ. ಸಭೆಯಲ್ಲಿ ನಿಂತು ಮಾತಾಡಲಾಗದ ಸ್ತ್ರೀಯ ಪರವಾಗಿ ಅವರ ಬರವಣಿಗೆ ಮಾತಾಡಿತು. ಅದರ ಬಲ ಅಲಂಕಾರದಲ್ಲಿರಲಿಲ್ಲ. ಊರೂರು ತಿರುಗಿ, ತಾವೇ ನೋಡಿ ಬರೆದುದರಲ್ಲಿತ್ತು.