ಕಿವಿಯಲ್ಲಿ ಹಠಾತ್ತನೆ ಶುರುವಾದ ಶಬ್ದ: ಸಂಗೀತಗಾರ ಸ್ಮೆತಾನಾ ಅದರೊಂದಿಗೆ ಬದುಕಿದ ಹತ್ತು ವರ್ಷ

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ಗುಂಯ್ ಎನ್ನುವ, ಸಿಳ್ಳೆ ಹಾಕಿದಂಥ, ಜೀರುಂಡೆ ಕೂಗಿದಂಥ ಶಬ್ದ ಕೇಳಿಸುವುದನ್ನು ವೈದ್ಯರು ಟಿನಿಟಸ್ ಎನ್ನುತ್ತಾರೆ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಇದಕ್ಕೆ ಕರ್ಣನಾದ ಎಂಬ ಹೆಸರಿದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಂದಿಗೆ ಒಂದಲ್ಲ ಒಂದು ಮಟ್ಟದಲ್ಲಿ ಇದರ ಅನುಭವವಿರುತ್ತದೆ. ಹೆಚ್ಚಿನವರಲ್ಲಿ ಇದು ಅಪಾಯದ ಲಕ್ಷಣವಲ್ಲ. ಆದರೂ ಒಂದು ದಿನ ಇದ್ದಕ್ಕಿದ್ದಂತೆ ಶುರುವಾಗಿ ನಿಲ್ಲದೇ ಹೋದಾಗ ಎಂಥವರಿಗೂ ಭಯವಾಗುತ್ತದೆ. ಇದು ಹೀಗೆಯೇ ಇರುತ್ತದೆಯೇ, ಕಿವಿ ಪೂರ್ತಿ ಹೋಗುತ್ತದೆಯೇ, ಇನ್ನು ಕೆಲಸ ಮಾಡಲಾದೀತೇ ಎಂಬ ಪ್ರಶ್ನೆಗಳು ನಿದ್ದೆ ಕೆಡಿಸುತ್ತವೆ.

ಈ ಪ್ರಶ್ನೆಗಳನ್ನೆಲ್ಲ ಎದುರಿಸಿದ ಒಬ್ಬರ ಬದುಕನ್ನು ಇಲ್ಲಿ ಹೇಳುತ್ತಿದ್ದೇವೆ. ಅವರಿಗೆ ಕಿವಿಯೇ ಜೀವನಾಧಾರವಾಗಿತ್ತು. ಹೆಸರು ಬೆದ್ರಿಖ್ ಸ್ಮೆತಾನಾ. ಇಂದಿನ ಚೆಕ್ ಗಣರಾಜ್ಯದ ಜನ ತಮ್ಮ ರಾಷ್ಟ್ರೀಯ ಸಂಗೀತದ ಪಿತಾಮಹ ಎಂದು ಗೌರವಿಸುವ ಸಂಗೀತ ರಚನೆಕಾರರು.

ಪ್ರಾಗಿನ ರಂಗಮಂದಿರದವರೆಗೆ

ಸ್ಮೆತಾನಾ ಹುಟ್ಟಿದ್ದು 1824ರ ಮಾರ್ಚ್ 2ರಂದು, ಬೊಹೀಮಿಯಾ ಪ್ರಾಂತ್ಯದ ಲಿತೊಮಿಶ್ಲ್ ಊರಿನಲ್ಲಿ. ತಂದೆ ಬಿಯರ್ ತಯಾರಿಸುವವರು, ಸಂಗೀತಪ್ರೇಮಿ. ಹುಡುಗ ಆರನೇ ವಯಸ್ಸಿನಲ್ಲೇ ಸಭಿಕರ ಮುಂದೆ ಪಿಯಾನೊ ನುಡಿಸಿದ. ಮುಂದೆ ಪ್ರಾಗ್ ನಗರದಲ್ಲಿ ಕಲಿತು, 1848ರಲ್ಲಿ ಅಲ್ಲೇ ಸಂಗೀತ ಶಾಲೆ ತೆರೆದರು. ಮರುವರ್ಷ ಕತೆರಿನಾ ಎಂಬುವರನ್ನು ಮದುವೆಯಾದರು.

ಆ ಸಂಸಾರಕ್ಕೆ ಬಂದ ಕಷ್ಟ ಸಣ್ಣದಲ್ಲ. 1854ರಿಂದ 1856ರ ಒಳಗೆ ನಾಲ್ವರು ಹೆಣ್ಣುಮಕ್ಕಳಲ್ಲಿ ಮೂವರು ತೀರಿಕೊಂಡರು. 1859ರಲ್ಲಿ ಪತ್ನಿ ಕ್ಷಯರೋಗಕ್ಕೆ ಬಲಿಯಾದರು. ಉಳಿದದ್ದು ಒಬ್ಬಳೇ ಮಗಳು, ಜೋಫಿಯೆ. ಕೆಲವು ವರ್ಷ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ದುಡಿದು, ಮರುಮದುವೆಯಾಗಿ, ಸ್ಮೆತಾನಾ ಪ್ರಾಗಿಗೆ ಮರಳಿದರು. 1866ರಲ್ಲಿ ಅವರ ದಿ ಬಾರ್ಟರ್ಡ್ ಬ್ರೈಡ್ ಎಂಬ ಹಾಸ್ಯ ಸಂಗೀತನಾಟಕ ರಂಗಕ್ಕೆ ಬಂತು. ಅದೇ ವರ್ಷ ನಗರದ ಚೆಕ್ ರಂಗಮಂದಿರದ ಮುಖ್ಯ ವಾದ್ಯವೃಂದ ನಿರ್ದೇಶಕರ ಹುದ್ದೆಯೂ ಸಿಕ್ಕಿತು. ಮುಂದಿನ ಎಂಟು ವರ್ಷ ಹತ್ತಾರು ವಾದ್ಯಗಳ ನಡುವೆ ಒಂದು ತಪ್ಪು ಸ್ವರವನ್ನೂ ಹಿಡಿಯುವುದೇ ಅವರ ದಿನನಿತ್ಯದ ಕೆಲಸವಾಗಿತ್ತು.

1874ರ ಬೇಸಿಗೆ

ಐವತ್ತನೇ ವಯಸ್ಸಿನಲ್ಲಿ ಕಾಯಿಲೆ ಶುರುವಾಯಿತು. ಮೊದಲು ಗಂಟಲಿನ ಸೋಂಕು, ಆಮೇಲೆ ಮೈಮೇಲೆ ಗುಳ್ಳೆ, ಜೊತೆಗೆ ಕಿವಿ ಕಟ್ಟಿದಂಥ ಅನುಭವ. ನಂತರ ಕಿವಿಯೊಳಗೆ ಶಬ್ದಗಳು ಬರತೊಡಗಿದವು. ಸಂಜೆ ಆರರಿಂದ ಏಳರ ನಡುವೆ ಕೀಚಲು ಸಿಳ್ಳೆಯಂಥ ಸ್ವರಗುಚ್ಛವೊಂದು ಕೇಳಿಸಿ, ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಕಾಡುತ್ತಿತ್ತು ಎಂದು ಅವರೇ ಮುಂದೆ ಮಿತ್ರರೊಬ್ಬರಿಗೆ ಬರೆದು ತಿಳಿಸಿದ್ದಾರೆ. ಸಂಗೀತಗಾರರಾದ್ದರಿಂದ ಆ ಶಬ್ದ ಯಾವ ಸ್ವರಗಳದ್ದು ಎಂದು ಗುರುತಿಸುವುದೂ ಅವರಿಗೆ ಸಾಧ್ಯವಾಗಿತ್ತು.

ಆಗಸ್ಟ್ ಮಧ್ಯದ ಹೊತ್ತಿಗೆ ಕೆಲಸವನ್ನು ಸಹಾಯಕ ಅಡಾಲ್ಫ್ ಚೆಖ್ ಅವರಿಗೆ ಒಪ್ಪಿಸಬೇಕಾಯಿತು. ವಿಶ್ರಾಂತಿ ಪಡೆದರೆ ಸರಿಹೋದೀತು ಎಂಬ ಆಸೆಯಿತ್ತು. ಆದರೆ ಮೊದಲು ಬಲಗಿವಿ ಹೋಯಿತು. ಅಕ್ಟೋಬರ್ 20ರಂದು ಎಡಗಿವಿಯೂ ಹೋಯಿತು. ಹೊರಗಿನ ಲೋಕ ಪೂರ್ತಿ ನಿಶ್ಶಬ್ದವಾಯಿತು, ಒಳಗಿನ ಶಬ್ದ ಮಾತ್ರ ಉಳಿಯಿತು.

ಕೇಳದ ಕಿವಿಯಲ್ಲಿ ಶಬ್ದ ಎಲ್ಲಿಂದ?

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುತ್ತವೆ. ಹೊರಗಿನ ಕಂಪನವನ್ನು ಇವು ನರಸಂಕೇತವಾಗಿ ಬದಲಿಸಿ ಮಿದುಳಿಗೆ ಕಳಿಸುತ್ತವೆ. ಒಮ್ಮೆ ಸತ್ತರೆ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಕೋಶಗಳಿಗೆ ಪೆಟ್ಟಾದಾಗ ಮಿದುಳಿಗೆ ಬರುವ ಸಂಕೇತ ಕಡಿಮೆಯಾಗುತ್ತದೆ. ಆಗ ಮಿದುಳು ಆ ಕೊರತೆ ತುಂಬಲು ತನ್ನದೇ ವಾಲ್ಯೂಮ್ ಏರಿಸುತ್ತದೆ. ಸ್ಟೇಷನ್ ಸಿಗದ ರೇಡಿಯೊದ ವಾಲ್ಯೂಮ್ ಏರಿಸಿದರೆ ಬರೀ ಗೊರಗೊರ ಸದ್ದು ಕೇಳುವಂತೆ, ಇಲ್ಲಿಯೂ ಇಲ್ಲದ ಶಬ್ದವೊಂದು ಕೇಳಿಸುತ್ತದೆ. ಆದ್ದರಿಂದ ಕಿವಿ ಪೂರ್ತಿ ಕಿವುಡಾದವರಿಗೂ ಟಿನಿಟಸ್ ಇರಬಹುದು. ಇದು ಭ್ರಮೆಯಲ್ಲ, ಹುಚ್ಚಿನ ಲಕ್ಷಣವೂ ಅಲ್ಲ. ಇದರ ಜೊತೆ ಭಯ ಸೇರಿದರೆ ಮಿದುಳು ಆ ಶಬ್ದವನ್ನು ಅಪಾಯದ ಗಂಟೆ ಎಂದು ತಿಳಿದು ಇನ್ನಷ್ಟು ಗಮನ ಕೊಡುತ್ತದೆ. ಗಮನ ಕೊಟ್ಟಷ್ಟೂ ಶಬ್ದ ಜೋರಾದಂತೆ ತೋರುತ್ತದೆ.

ನದಿಯ ಸಂಗೀತ, ಮುಚ್ಚಿದ ಕೋಣೆ

ಎರಡೂ ಕಿವಿ ಹೋದ ಒಂದೇ ತಿಂಗಳಿಗೆ, ನವೆಂಬರ್ 20ರಂದು, ಸ್ಮೆತಾನಾ ಹೊಸ ರಚನೆಯೊಂದಕ್ಕೆ ಕೈಹಾಕಿದರು. ಡಿಸೆಂಬರ್ 8ಕ್ಕೆ ಮುಗಿಸಿದರು. ಪ್ರಾಗಿನ ಮೂಲಕ ಹರಿಯುವ ನದಿಯ ಹೆಸರನ್ನೇ ಹೊತ್ತ ಆ ವಲ್ತಾವಾ ಇಂದು ಅವರ ಅತ್ಯಂತ ಜನಪ್ರಿಯ ಕೃತಿ. ಎರಡು ಸಣ್ಣ ತೊರೆಗಳು ಕೂಡಿ, ಕಾಡು, ಹಳ್ಳಿಯ ಮದುವೆ, ಬೆಳದಿಂಗಳು ಇವುಗಳ ನಡುವೆ ಹರಿದು ನಗರ ಸೇರುವುದನ್ನು ವಾದ್ಯಗಳಲ್ಲಿ ಹೇಳುವ ರಚನೆ ಅದು. ಅದರ ಒಂದು ಸ್ವರವೂ ಅವರ ಕಿವಿಗೆ ಬೀಳಲಿಲ್ಲ.

ಅವರು ಎದೆಗುಂದಲಿಲ್ಲ ಎಂದು ಇದರ ಅರ್ಥವಲ್ಲ. ಕಾಯಿಲೆ ಗುಣವಾಗದಿದ್ದರೆ ಬದುಕಿರುವುದೇ ಬೇಡ ಎಂಬ ಭಾವವನ್ನು 1875ರ ಜನವರಿಯಲ್ಲಿ ದಿನಚರಿಯಲ್ಲಿ ಬರೆದುಕೊಂಡರು. ಹಳೆಯ ಶಿಷ್ಯರು ಕಛೇರಿ ನಡೆಸಿ, ಸ್ವೀಡನ್ನಿನ ಗೆಳತಿಯೊಬ್ಬರು ಹಣ ಕೂಡಿಸಿ ಚಿಕಿತ್ಸೆಗೆ ನೆರವಾದರು. ಜರ್ಮನಿಯ ವೂರ್ಜ್‌ಬರ್ಗ್ ಮತ್ತು ವಿಯೆನ್ನಾದ ಹೆಸರಾಂತ ಕಿವಿ ತಜ್ಞರನ್ನು ಕಂಡದ್ದಾಯಿತು. ಪ್ರಾಗಿನಲ್ಲಿ ಯಾವ ಸದ್ದೂ ಇಲ್ಲದಂತೆ ವಾರಗಟ್ಟಲೆ ಒಂಟಿಯಾಗಿರುವ ಚಿಕಿತ್ಸೆಯೂ ನಡೆಯಿತು. ಯಾವುದರಿಂದಲೂ ಉಪಯೋಗವಾಗಲಿಲ್ಲ.

ಆ ಕಾಲದ ವೈದ್ಯರಿಗೆ ತಿಳಿದಿದ್ದು ಅಷ್ಟೇ. ಇಂದಿನ ವೈದ್ಯಕೀಯ ಸಲಹೆ ಇದಕ್ಕೆ ತದ್ವಿರುದ್ಧ. ಪೂರ್ತಿ ನಿಶ್ಶಬ್ದದಲ್ಲಿ ಕೂತರೆ ಒಳಗಿನ ಶಬ್ದಕ್ಕೆ ಎದುರಾಳಿಯೇ ಇರುವುದಿಲ್ಲ. ಮೆಲುದನಿಯ ಹಿನ್ನೆಲೆ ಸದ್ದು, ಕೆಲಸ, ಜನರ ಒಡನಾಟ ಇವೇ ಟಿನಿಟಸ್‌ನ ಹಿಡಿತ ಸಡಿಲಿಸುತ್ತವೆ.

ಮಗಳ ಮನೆ

1876ರಲ್ಲಿ ಸ್ಮೆತಾನಾ ಪ್ರಾಗ್ ಬಿಟ್ಟು ಯಾಬ್ಕೆನಿತ್ಸೆ ಎಂಬ ಹಳ್ಳಿಗೆ ಹೋದರು. ಮಗಳು ಜೋಫಿಯೆ ಅಲ್ಲಿದ್ದಳು, ಅಳಿಯ ಅರಣ್ಯಾಧಿಕಾರಿ. ರಂಗಮಂದಿರ ಕೃತಿಗಳ ಪ್ರದರ್ಶನದ ಹಕ್ಕಿಗೆ ಪ್ರತಿಯಾಗಿ ವರ್ಷಕ್ಕೆ 1,200 ಗುಲ್ಡನ್ ಕೊಡಲು ಒಪ್ಪಿತ್ತು, ಆದರೆ ಹಣ ಸಮಯಕ್ಕೆ ಬರುತ್ತಿರಲಿಲ್ಲ. ಬರೆಯಲು ಕೂತರೆ ತಲೆಯೊಳಗಿನ ಮೊರೆತ ಏರುತ್ತಿತ್ತು, ತಲೆ ಸುತ್ತುತ್ತಿತ್ತು. ಹೀಗಾಗಿ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ ನಿಲ್ಲಿಸುತ್ತಿದ್ದರು. ಕಾಡಿನ ದಾರಿಯಲ್ಲಿ ನಡೆದಾಡುತ್ತಿದ್ದರು, ಮರುದಿನ ಮತ್ತೆ ಬರೆಯುತ್ತಿದ್ದರು.

ಅದೇ ವರ್ಷದ ಕೊನೆಗೆ, ನಾಲ್ಕು ತಂತಿವಾದ್ಯಗಳಿಗಾಗಿ ತಮ್ಮ ಬದುಕಿನ ಕಥೆಯನ್ನೇ ರಚನೆಯಾಗಿ ಬರೆದರು. ಯೌವನ, ನೃತ್ಯ, ಮೊದಲ ಪ್ರೀತಿ, ಎಲ್ಲವೂ ಅದರಲ್ಲಿವೆ. ಕೊನೆಯ ಭಾಗ ಸಂಭ್ರಮದಿಂದ ಓಡುತ್ತಿರುವಾಗ ಹಠಾತ್ತನೆ ನಿಲ್ಲುತ್ತದೆ. ಕೆಳಗೆ ವಾದ್ಯಗಳು ನಡುಗುತ್ತಿರುತ್ತವೆ, ಮೇಲೆ ಪಿಟೀಲೊಂದು ಬಹಳ ಎತ್ತರದ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿಯುತ್ತದೆ. ಅದು ಅವರ ಕಿವಿಯ ಶಬ್ದ. ಟಿನಿಟಸ್ ಹೇಗಿರುತ್ತದೆ ಎಂದು ಮನೆಯವರಿಗೆ ವಿವರಿಸಲು ಕಷ್ಟಪಡುವವರು ಇಂದಿಗೂ ಈ ಕೆಲವು ಕ್ಷಣಗಳನ್ನು ಕೇಳಿಸಬಹುದು.

ವಲ್ತಾವಾ ಸೇರಿದಂತೆ ಆರು ಭಾಗಗಳ ಮಾ ವ್ಲಾಸ್ಟ್, ಅಂದರೆ ನನ್ನ ನಾಡು, 1879ರಲ್ಲಿ ಪೂರ್ಣವಾಯಿತು. 1880ರ ಜನವರಿಯಲ್ಲಿ ಪ್ರಾಗಿನ ಸಭೆಯೊಂದರಲ್ಲಿ, ಕಿವಿ ಕೇಳದಿದ್ದರೂ, ಅವರು ಪಿಯಾನೊ ನುಡಿಸಿದರು. ಮೂರು ಹೊಸ ಸಂಗೀತನಾಟಕಗಳೂ ಈ ಅವಧಿಯವೇ.

ಕೊನೆಯ ವರ್ಷಗಳ ಬಗ್ಗೆ ಒಂದು ಸ್ಪಷ್ಟನೆ

1882ರ ಕೊನೆಯಿಂದ ಅವರ ಮನಸ್ಸಿನ ಸ್ಥಿತಿ ಹದಗೆಟ್ಟಿತು. ನಿದ್ದೆ ಬಾರದು, ಇಲ್ಲದ್ದು ಕಾಣುತ್ತಿತ್ತು, ಕೆಲವೊಮ್ಮೆ ಮಾತು ನಿಲ್ಲುತ್ತಿತ್ತು. 1884ರ ಏಪ್ರಿಲ್‌ನಲ್ಲಿ ಪ್ರಾಗಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮೇ 12ರಂದು ಅಲ್ಲೇ ತೀರಿಕೊಂಡರು.

ಇದನ್ನು ಓದಿ ಕಿವಿಯ ಶಬ್ದವೇ ಅವರನ್ನು ಆ ಸ್ಥಿತಿಗೆ ತಂದಿತು ಎಂದು ತಿಳಿಯಬೇಡಿ. ಕಿವುಡುತನ, ಶಬ್ದ, ಕೊನೆಯ ಮಾನಸಿಕ ಕಾಯಿಲೆ ಇವೆಲ್ಲಕ್ಕೂ ಸಿಫಿಲಿಸ್ ಸೋಂಕು ಕಾರಣ ಎಂಬುದು ಅವರ ಶವಪರೀಕ್ಷೆಯ ವರದಿಯನ್ನು ಮತ್ತೆ ಓದಿದ ಹಲವು ತಜ್ಞರ ಅಭಿಪ್ರಾಯ. ಬಾಲ್ಯದ ಗಾಯದಿಂದ ಬಂದ ಮೂಳೆಯ ಸೋಂಕು ಕಾರಣ ಎಂದು ವಾದಿಸುವವರೂ ಇದ್ದಾರೆ. ಎರಡಕ್ಕೂ ಆಗ ಪರಿಣಾಮಕಾರಿ ಔಷಧಿ ಇರಲಿಲ್ಲ. ಇಂದು ಸಿಫಿಲಿಸ್ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಪೆನಿಸಿಲಿನ್‌ನಿಂದ ಗುಣವಾಗುತ್ತದೆ. ಟಿನಿಟಸ್ ತಾನಾಗಿ ಬುದ್ಧಿ ಕೆಡಿಸುವುದಿಲ್ಲ.

ನಿಮಗೆ ಹೀಗಾದರೆ

ಸ್ಮೆತಾನಾ ಅವರಿಗೆ ಇಲ್ಲದಿದ್ದ ಅನುಕೂಲ ನಿಮಗಿದೆ. ಅದನ್ನು ಬಳಸಿಕೊಳ್ಳಲು ಸಮಯ ಮುಖ್ಯ.

• ಶಬ್ದದ ಜೊತೆಗೆ ಒಂದು ಕಿವಿ ಹಠಾತ್ತನೆ ಮಂದವಾದರೆ ಅದು ತುರ್ತು ಸ್ಥಿತಿ. ಅದೇ ದಿನ, ತಪ್ಪಿದರೆ ಮರುದಿನ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಸ್ಟೆರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲೇ ಶುರುವಾದರೆ ಕೇಳುವ ಶಕ್ತಿ ಮರಳುವ ಸಾಧ್ಯತೆ ಹೆಚ್ಚು. ಎರಡು ವಾರ ಕಳೆದರೆ ಅದು ಇಳಿಯುತ್ತಾ ಹೋಗುತ್ತದೆ.

• ತೀವ್ರ ತಲೆಸುತ್ತು, ಮುಖದ ಒಂದು ಭಾಗ ಸೋಲುವುದು, ತಲೆಗೆ ಪೆಟ್ಟು ಇದ್ದರೂ ತಡಮಾಡಬೇಡಿ. ನಾಡಿ ಬಡಿತದ ಲಯದಲ್ಲೇ ಶಬ್ದ ಕೇಳಿದರೆ, ಅಥವಾ ಒಂದೇ ಕಿವಿಯಲ್ಲಿ ಬಿಡದೇ ಇದ್ದರೆ ತಪಾಸಣೆ ಮಾಡಿಸಲೇಬೇಕು.

• ಕಾರಣ ಸರಳವೂ ಇರಬಹುದು: ಗಟ್ಟಿಯಾದ ಗುಗ್ಗೆ, ಕಿವಿಯ ಸೋಂಕು, ಪಟಾಕಿ ಅಥವಾ ಡಿಜೆ ಸದ್ದು, ಹೆಚ್ಚು ಪ್ರಮಾಣದ ಆಸ್ಪಿರಿನ್, ಕೆಲವು ಆ್ಯಂಟಿಬಯೋಟಿಕ್‌ಗಳು. ವೈದ್ಯರನ್ನು ಕೇಳದೇ ಔಷಧಿ ನಿಲ್ಲಿಸಬೇಡಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಬೇಡ.

• ಟಿನಿಟಸ್ ಅನ್ನೇ ಅಳಿಸುವ ಮಾತ್ರೆ ಇನ್ನೂ ಇಲ್ಲ. ಕೇಳುವ ಶಕ್ತಿ ಕುಗ್ಗಿದ್ದರೆ ಶ್ರವಣ ಸಾಧನ ಎರಡು ಲಾಭ ಕೊಡುತ್ತದೆ: ಮಾತು ಕೇಳಿಸುತ್ತದೆ, ಒಳಗಿನ ಶಬ್ದವೂ ಹಿಂದೆ ಸರಿಯುತ್ತದೆ. ಭಯ ಮತ್ತು ನಿದ್ರಾಹೀನತೆ ತಗ್ಗಿಸಲು ಸಿಬಿಟಿ ಎಂಬ ಆಪ್ತಸಮಾಲೋಚನಾ ವಿಧಾನಕ್ಕೆ ಒಳ್ಳೆಯ ಆಧಾರವಿದೆ.

• ರಾತ್ರಿ ಕೋಣೆಯಲ್ಲಿ ಮೆಲುವಾದ ಸದ್ದಿರಲಿ. ದೆಹಲಿಯ ಲೋಧಿ ಕಾಲೋನಿಯಂಥ ಕಡೆ ವಾಸಿಸುವ ಕನ್ನಡಿಗರು ಇದನ್ನು ಗಮನಿಸಬೇಕು. ಬೇಸಿಗೆಯಲ್ಲಿ ಕೂಲರ್, ಫ್ಯಾನ್‌ಗಳ ಸದ್ದು ಕಿವಿಯ ಶಬ್ದವನ್ನು ಮುಚ್ಚಿರುತ್ತದೆ. ಚಳಿಗಾಲದಲ್ಲಿ ಅವು ನಿಂತು ಕಿಟಕಿ ಮುಚ್ಚಿದಾಗ ಅದೇ ಶಬ್ದ ಎದ್ದು ಕೇಳುತ್ತದೆ. ಕಾಯಿಲೆ ಏರಿತೆಂದು ಗಾಬರಿಯಾಗುವ ಮೊದಲು, ತಗ್ಗಿದ ದನಿಯಲ್ಲಿ ರೇಡಿಯೊ ಅಥವಾ ಮಳೆಯ ಸದ್ದು ಹಾಕಿ ನೋಡಿ. ಹಗಲು ಹತ್ತಿರದ ಲೋಧಿ ಉದ್ಯಾನದಲ್ಲಿ ಹಕ್ಕಿಗಳ ದನಿಯ ನಡುವೆ ನಡೆಯುವುದೂ ಒಳ್ಳೆಯದೇ.

ಲೋಧಿ ಕಾಲೋನಿಯಿಂದ ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳು ಕೆಲವೇ ಕಿಲೋಮೀಟರ್ ದೂರದಲ್ಲಿವೆ. ಕರ್ನಾಟಕದಲ್ಲಿರುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬದುಕೇ ಬೇಡ ಎನ್ನಿಸುವಷ್ಟು ಸಾಕಾಗಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು.

ಮನೆಯವರಿಗೂ ಒಂದು ಮಾತು. ಈ ಶಬ್ದ ನಿಮಗೆ ಕೇಳಿಸುವುದಿಲ್ಲ, ಹಾಗೆಂದು ಅದು ಸುಳ್ಳಲ್ಲ. ಸ್ಮೆತಾನಾ ಅವರ ಕಿವಿಯನ್ನು ಯಾರಿಂದಲೂ ಉಳಿಸಲಾಗಲಿಲ್ಲ. ಆದರೆ ಶಿಷ್ಯರು ನೆರವಾದರು, ಮಗಳು ಮನೆಯಲ್ಲಿ ಜಾಗ ಕೊಟ್ಟಳು. ಕಿವುಡಾದ ಮೇಲೂ ಅವರು ಬರೆಯಲು ಸಾಧ್ಯವಾದದ್ದರಲ್ಲಿ ಅದರ ಪಾಲೂ ಇದೆ. ಪ್ರಾಗಿನ ವಸಂತ ಸಂಗೀತೋತ್ಸವ ಈಗಲೂ ಅವರು ತೀರಿಕೊಂಡ ಮೇ 12ರಂದು ಮಾ ವ್ಲಾಸ್ಟ್‌ನೊಂದಿಗೆ ಆರಂಭವಾಗುತ್ತದೆ.